ವಯಸ್ಸು ಕೇಳಿ ‘ನಾನು’ ಎನ್ನುವ ಭಾಷೆ

ವಿಯೆಟ್ನಾಂ ಎಂದೊಡನೆ ನಮ್ಮ ವೇದಿಕೆಗಳಲ್ಲಿ ಬರುವುದು ಎರಡೇ ಮಾತು: ಅಮೆರಿಕದ ಜೊತೆಗಿನ ಯುದ್ಧ ಮತ್ತು ಮಿ ಸನ್ ಕಣಿವೆಯ ಚಂಪಾ ಶಿವಾಲಯಗಳು. ಎರಡೂ ದೊಡ್ಡ ವಿಷಯಗಳೇ. ಆದರೆ ಹನೋಯ್‌ನಲ್ಲಿ ಬಾಡಿಗೆಗೆ ಮನೆ ಹಿಡಿದು ನೆಲೆಸುವ ಪರದೇಶಿಗಳಿಗೆ ಬಂದ ಹೊಸದರಲ್ಲೇ ಎದುರಾಗುವುದು ಒಂದು ಸಣ್ಣ ಪ್ರಶ್ನೆ: ‘ನಿಮಗೆಷ್ಟು ವಯಸ್ಸು?’ ಯುರೋಪಿನಿಂದ ಬಂದ ಅನೇಕರು ಇದನ್ನು ಅಧಿಕಪ್ರಸಂಗವೆಂದು ತಿಳಿದು ಹುಬ್ಬು ಗಂಟಿಕ್ಕುತ್ತಾರೆ. ಅದು ಹೊರಗಿನವರನ್ನು ಒಳಗೆ ಕರೆದುಕೊಳ್ಳುವ ವ್ಯಾಕರಣ ಎಂಬುದು ನನ್ನ ವಾದ.

ಫುಟ್‌ಪಾತಿನ ಮೇಲಿನ ಫೋ ಅಂಗಡಿಯನ್ನು ನೋಡಿ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು, ಕುದಿಯುವ ಎಲುಬಿನ ಸಾರು, ಬಟ್ಟಲಲ್ಲಿ ಅಕ್ಕಿ ಶಾವಿಗೆ. ಗಿರಾಕಿ ತನಗಿಂತ ತುಸು ಹಿರಿಯ ಗಂಡಸಾದರೆ ಅಂಗಡಿಯಾಕೆ ಅವನನ್ನು ‘ಆನ್’, ಅಂದರೆ ಅಣ್ಣ, ಎನ್ನುತ್ತಾಳೆ. ಇದರಲ್ಲಿ ನಮಗೆ ಹೊಸದೇನಿಲ್ಲ; ನಮ್ಮ ಸಂತೆಯಲ್ಲೂ ಗುರುತಿಲ್ಲದವರು ಅಣ್ಣ, ಅಕ್ಕ ಆಗುತ್ತಾರೆ. ಆದರೆ ನಾವು ಯಾರನ್ನು ಅಣ್ಣ ಎಂದರೂ ನಮ್ಮ ‘ನಾನು’ ಹಾಗೇ ಇರುತ್ತದೆ. ಆಕೆ ತನ್ನನ್ನೂ ‘ಎಮ್’, ತಂಗಿ, ಎಂದೇ ಹೇಳಿಕೊಳ್ಳುತ್ತಾಳೆ. ಅಜ್ಜಿಯೊಬ್ಬರು ಬಂದು ಕೂತರೆ ಆಕೆ ‘ಚಾವ್’, ಮೊಮ್ಮಗಳು. ಶಾಲೆಯ ಹುಡುಗ ಬಂದರೆ ‘ಕೋ’, ಅತ್ತೆ. ಒಂದು ಬಟ್ಟಲು ಸಾರು ಆರುವುದರೊಳಗೆ ಆಕೆಯ ‘ನಾನು’ ಮೂರು ಸಲ ಬದಲಾಗಿರುತ್ತದೆ. ಎದುರಿನವರ ವಯಸ್ಸು ಅಂದಾಜಿಗೂ ಸಿಗದಿದ್ದರೆ ಬಾಯಿ ತೆರೆಯುವುದೇ ಕಷ್ಟ.

ಇದನ್ನು ಅರಿಯದೆ ನಾವು ಕಳೆದುಕೊಂಡದ್ದಕ್ಕೆ ಒಂದು ಉದಾಹರಣೆ ಹೋ ಚಿ ಮಿನ್. ಇಂಗ್ಲಿಷಿನ ದಾರಿಯಲ್ಲಿ ಅವರು ನಮಗೆ ‘ಅಂಕಲ್ ಹೋ’ ಆದರು. ಅವರ ಜನ ಕರೆಯುವುದು ‘ಬಾಕ್ ಹೋ’. ತಂದೆಯ ತಮ್ಮನಿಗೆ ಅಲ್ಲಿ ‘ಚೂ’ ಎಂಬ ಬೇರೆ ಪದವಿದೆ. ಬಾಕ್ ಎಂದರೆ ತಂದೆಯ ಅಣ್ಣ. ಇಂಗ್ಲಿಷಿಗೆ ಆ ಭೇದವಿಲ್ಲ, ಕನ್ನಡಕ್ಕಿದೆ: ದೊಡ್ಡಪ್ಪ. ಇಡೀ ದೇಶ ಒಬ್ಬ ನಾಯಕನನ್ನು ಹೆತ್ತ ತಂದೆಗಿಂತ ಒಂದು ಮೆಟ್ಟಿಲು ಮೇಲೆ ಕೂರಿಸಿತು, ಆದರೂ ಮನೆಯೊಳಗೇ ಇಟ್ಟುಕೊಂಡಿತು. ದೇಶಬಾಂಧವರಿಗೆ ವಿಯೆಟ್ನಾಮಿಗರು ಬಳಸುವ ‘ದೋಂಗ್ ಬಾವ್’ ಎಂಬ ಮಾತಿನ ಅರ್ಥವೂ ಒಂದೇ ಗರ್ಭಚೀಲದಿಂದ ಬಂದವರು ಎಂದು. ಅದರ ಹಿಂದೆ ಆವ್ ಕೋ ಎಂಬ ಮೂಲಮಾತೆಯ ನೂರು ಮೊಟ್ಟೆಗಳಿಂದ ನೂರು ಮಕ್ಕಳು ಹುಟ್ಟಿದ ಕಥೆಯಿದೆ. ಗಾಂಧಾರಿಯ ನೂರು ಕುಂಡಗಳನ್ನು ಕೇಳಿ ಬೆಳೆದ ನಮಗೆ ಅದು ದೂರದ್ದಾಗಿ ಕಾಣದು.

ತಟಸ್ಥವಾದ ‘ತೋಯ್’ ಎಂಬ ‘ನಾನು’ ಇದೆಯಲ್ಲ, ಪರದೇಶಿಗೆ ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ಇದೆ, ಪಠ್ಯಪುಸ್ತಕಗಳು ಮೊದಲು ಕಲಿಸುವುದೂ ಅದನ್ನೇ. ಆದರೆ ಓಣಿಯಲ್ಲಿ ಅದು ದೂರ ನಿಲ್ಲಿಸುವ ಮಾತು. ಅದರ ಹಳೆಯ ಅರ್ಥವೂ ಆಳು, ಸೇವಕ ಎಂದೇ. ಅಂದರೆ ತಟಸ್ಥ ‘ನಾನು’ ಕೂಡ ಒಂದು ಸಂಬಂಧದಿಂದ ಹುಟ್ಟಿದ್ದು. ಇದೆಲ್ಲ ಊಳಿಗಮಾನ್ಯ ಶ್ರೇಣಿಯ ಪಳೆಯುಳಿಕೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಕಮ್ಯುನಿಸ್ಟ್ ಕ್ರಾಂತಿ ‘ದೋಂಗ್ ಚಿ’, ಸಂಗಾತಿ, ಎಂಬ ಸಮಾನತೆಯ ಪದವನ್ನು ಬಳಕೆಗೆ ತಂದದ್ದು ನಿಜ. ಅದು ಪಕ್ಷದ ಸಭೆಗಳಲ್ಲಿ ಉಳಿಯಿತು. ಬೀದಿ, ಅಡುಗೆಮನೆಗಳು ಅಣ್ಣ, ಅಕ್ಕ, ದೊಡ್ಡಪ್ಪಂದಿರನ್ನು ಬಿಟ್ಟುಕೊಡಲಿಲ್ಲ. ಹಿರಿಯನೆನಿಸಿಕೊಂಡವನಿಗೆ ಹೊಣೆಯೂ ಬರುತ್ತದೆ ಎಂಬುದನ್ನು ಈ ಆಕ್ಷೇಪ ಮರೆಯುತ್ತದೆ.

ಆದರೂ ವಯಸ್ಸಿನ ಲೆಕ್ಕಕ್ಕೆ ಸುಲಭವಾಗಿ ಸಿಗದ ಸಂಬಂಧಗಳಿವೆ. ಗುರುಶಿಷ್ಯರದ್ದು ಅಂಥ ಒಂದು; ಅದಕ್ಕೆ ಅಲೆಕ್ಸಾಂಡ್ರ್ ದ ರೋಡ್ಸ್ ನೆನಪಾಗುತ್ತಾರೆ. 1651ರಲ್ಲಿ ರೋಮ್‌ನಲ್ಲಿ ವಿಯೆಟ್ನಾಮೀ–ಪೋರ್ಚುಗೀಸ್–ಲ್ಯಾಟಿನ್ ನಿಘಂಟು ಅಚ್ಚು ಹಾಕಿಸಿದ ಪಾದ್ರಿ ಅವರು. ಆ ಭಾಷೆಯ ಸ್ವರಗಳ ಏರಿಳಿತವನ್ನು ತಮಗೆ ಮೂರು ವಾರಗಳಲ್ಲಿ ಕಲಿಸಿದ್ದು ಒಬ್ಬ ಪುಟ್ಟ ಹುಡುಗ ಎಂದು ಅವರೇ ಬರೆದಿದ್ದಾರೆ. ಒಂದಕ್ಷರ ಕಲಿಸಿದವರನ್ನೂ ಗುರುವೆನ್ನುವ ನಮಗೆ ಆ ಹುಡುಗ ದೊಡ್ಡವನೇ. ಆದರೆ ವಯಸ್ಸಿನ ವ್ಯಾಕರಣದಲ್ಲಿ ಅವನ ಜಾಗ ಯಾವುದು? ಹಾಗೆಯೇ, ಹೆಂಡತಿ ವಯಸ್ಸಿನಲ್ಲಿ ಹಿರಿಯಳಾದರೂ ಗಂಡನ ಎದುರು ‘ಎಮ್’ ಆಗುತ್ತಾಳಲ್ಲ, ಅದು ಸಲುಗೆಯೋ ಅಧೀನತೆಯೋ? ಈ ಎರಡು ಪ್ರಶ್ನೆಗಳನ್ನು ನಾನು ಬಗೆಹರಿಸಿಕೊಂಡಿಲ್ಲ.

ಅಲ್ಲಿ ಹೋಗಿ ನೆಲೆಸುವ ಕನ್ನಡಿಗರಲ್ಲಿ ಒಂದು ವಿನಂತಿ: ವಯಸ್ಸು ಕೇಳಿದರೆ ಹುಟ್ಟಿದ ಇಸವಿ ಹೇಳಿ, ಅವರು ಕೊಟ್ಟ ಸಂಬಂಧದ ಹೆಸರಿನಿಂದಲೇ ನಿಮ್ಮನ್ನು ಕರೆದುಕೊಳ್ಳಿ. ಅನುವಾದಕರಲ್ಲಿ ಇನ್ನೊಂದು: ಹೋ ಚಿ ಮಿನ್ ಅವರನ್ನು ದೊಡ್ಡಪ್ಪ ಎಂದೇ ಬರೆಯಿರಿ.