ಹನ್ನೊಂದು ಮೀಟರಿನ ಲೆಕ್ಕ



ಗೆದ್ದ ಪಂದ್ಯಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಇವತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಸೋತ ಒಂದು ಪಂದ್ಯದ ಬಗ್ಗೆ. ಅದರಲ್ಲೂ ಆ ಪಂದ್ಯದಲ್ಲಿ ಕೈಗೆ ಬಂದು ಜಾರಿದ ಎರಡು ಅವಕಾಶಗಳ ಬಗ್ಗೆ. ಕೈಗೆ ಎಂದೆ, ಕಾಲಿಗೆ ಎನ್ನಬೇಕಿತ್ತು.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ನಗರದ ಅಂಚಿನ ಇಲ್ಫರ್ಡಿನ ಮೈದಾನದಲ್ಲಿ ಭಾರತ ಮತ್ತು ಫ್ರಾನ್ಸ್ ಎದುರುಬದುರಾದವು. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾಗಾ ಬೆಟ್ಟಗಳಿಂದ ಬಂದ ವೈದ್ಯಕೀಯ ವಿದ್ಯಾರ್ಥಿ ತಾಲಿಮೆರೆನ್ ಆವೊ ತಂಡದ ನಾಯಕ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. 30ನೆಯ ನಿಮಿಷದಲ್ಲಿ ಫ್ರಾನ್ಸ್ ಒಂದು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ಮೈಸೂರು ತಂಡದ ಆಟಗಾರ ಸಾರಂಗಪಾಣಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸ್ ಕಾಲ್ಚೆಂಡಾಟದಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ನಮ್ಮ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತಿದೆ? ಪಂದ್ಯ ಮುಗಿಯಲು ಒಂದು ನಿಮಿಷವಿರುವಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು 2-1ರಲ್ಲಿ ಗೆದ್ದಿತು.

ಈ ಸೋಲಿಗೆ ನಮ್ಮಲ್ಲಿ ಬಹಳ ಜನ ಕೊಡುವ ಕಾರಣ ಒಂದೇ: ಪಾಪ, ಬೂಟಿಲ್ಲದೆ ಆಡಿದರು. ಕೇಳಲು ಕರುಣೆ ಹುಟ್ಟಿಸುವ ಮಾತು, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಬರಿಗಾಲಿನಿಂದ ಸೋತರು ಎನ್ನುವುದಾದರೆ, 89ನೆಯ ನಿಮಿಷದವರೆಗೆ ಅದೇ ಬರಿಗಾಲುಗಳು ಫ್ರಾನ್ಸನ್ನು 1-1ರಲ್ಲಿ ಹಿಡಿದಿಟ್ಟದ್ದು ಹೇಗೆ? ನಿಜವಾದ ಕಾರಣ ಬೇರೆಡೆ ಇದೆ. ಆ ದಿನ ಭಾರತಕ್ಕೆ ಎರಡು ಪೆನಾಲ್ಟಿ ಒದೆತಗಳು ಸಿಕ್ಕಿದ್ದವು. ಒಂದನ್ನು ಶೈಲೇನ್ ಮನ್ನಾ ಒದೆದರು, ಇನ್ನೊಂದನ್ನು ಮಹಾವೀರ್ ಪ್ರಸಾದ್. ಎರಡೂ ಗೋಲಾಗಲಿಲ್ಲ.

ಪೆನಾಲ್ಟಿ ಎಂದರೇನು? ಗೋಲುಗೆರೆಯಿಂದ ಹನ್ನೊಂದು ಮೀಟರ್ ದೂರದಲ್ಲಿ ಚೆಂಡು. ಎದುರಿಗೆ 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲು. ನಡುವೆ ಒಬ್ಬನೇ ಒಬ್ಬ ಮನುಷ್ಯ. ಕಾಗದದ ಮೇಲೆ ಇದಕ್ಕಿಂತ ಸುಲಭದ ಕೆಲಸವಿಲ್ಲ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಓದುಗರು ಇದನ್ನು ತಾವೇ ಪರೀಕ್ಷಿಸಬಹುದು. ರಜೆಯ ದಿನ, ಮಾಲೀಕರ ಅನುಮತಿ ಪಡೆದು, ಕಿಟಕಿ ಗಾಜಿಲ್ಲದ ಒಂದು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಈ ಅಳತೆಯ ಚೌಕಟ್ಟು ಬರೆಯಿರಿ. ಟೇಪು ಹಿಡಿದು ಹನ್ನೊಂದು ಮೀಟರ್ ಹಿಂದಕ್ಕೆ ಬಂದು ನಿಂತು ನೋಡಿ. ಲಾರಿಯೊಂದು ಅಡ್ಡಲಾಗಿ ನಿಲ್ಲುವಷ್ಟು ಅಗಲದ ಬಾಗಿಲು ಅದು. ಇಷ್ಟು ದೊಡ್ಡದರೊಳಗೆ ಹೊಡೆಯಲಾಗದೆ ಎಂದು ಅನ್ನಿಸುತ್ತದೆ. ಈಗ ಗೆಳೆಯನೊಬ್ಬನನ್ನು ನಡುವೆ ಕೈ ಅಗಲಿಸಿ ನಿಲ್ಲಿಸಿ. ಬಾಗಿಲು ಅರ್ಧಕ್ಕೆ ಇಳಿದಂತೆ ಕಾಣುತ್ತದೆ.

ಇಲ್ಲಿ ನನ್ನ ಕಸುಬಿನ ಒಂದು ಅಳತೆಗೋಲು ಉಪಯೋಗಕ್ಕೆ ಬರುತ್ತದೆ. ನಮ್ಮ ದೇಶದ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಚೆನ್ನಾಗಿ ಒದೆದ ಪೆನಾಲ್ಟಿ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಆಗ ಚಿತ್ರಕ್ಕೊಂದು ಮೀಟರ್ ಆಯಿತು. ಒದೆತದಿಂದ ಗೋಲಿನವರೆಗೆ ಹನ್ನೊಂದು ಮೀಟರ್, ಹನ್ನೊಂದು ಚಿತ್ರ. ಎಡಿಟಿಂಗ್ ಮೇಜಿನ ಮುಂದೆ ಕುಳಿತು ಇದನ್ನು ಒಂದೊಂದಾಗಿ ಮುಂದಕ್ಕೆ ಸರಿಸಿ ನೋಡುವುದು ಬಹಳ ಪಾಠ ಕಲಿಸುವ ಕೆಲಸ. ಕಣ್ಣಿಗೆ ಕಂಡದ್ದು ಮೆದುಳಿಗೆ ತಲುಪಿ ದೇಹ ಕದಲಲು ಸುಮಾರು ಐದು ಚಿತ್ರಗಳು ಬೇಕು. ಉಳಿದ ಆರು ಚಿತ್ರಗಳಲ್ಲಿ, ಎಂದರೆ ಕಾಲು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ, ಗೋಲ್‌ಕೀಪರ್ ನಿಂತಲ್ಲಿಂದ ಹಾರಬೇಕು. ಕಂಬದ ಹತ್ತಿರದ ಮೂಲೆಗೆ ಆತ ತಲುಪಲಾರ. ಒಂದು ಮಾತು ನೆನಪಿಡಿ. 1948ರ ನಿಯಮದಂತೆ ಚೆಂಡು ಒದೆಯುವವರೆಗೆ ಗೋಲ್‌ಕೀಪರ್ ಗೆರೆಯ ಮೇಲೆ ಪಾದ ಕದಲಿಸುವಂತಿರಲಿಲ್ಲ. ಗೆರೆಯುದ್ದಕ್ಕೂ ಅತ್ತಿತ್ತ ಸರಿಯುವ ಸ್ವಾತಂತ್ರ್ಯ ಸಿಕ್ಕಿದ್ದು 1997ರಲ್ಲಿ. ನಿಯಮವೆಲ್ಲ ಒದೆಯುವವನ ಕಡೆಗೇ ಇತ್ತು.

ಹಾಗಾದರೆ ತಪ್ಪುವುದು ಏಕೆ? ಮೂಲೆ ಸುರಕ್ಷಿತ ಎಂದರೆ ಮೂಲೆ ಸಣ್ಣದು ಎಂದೂ ಅರ್ಥ. ಕಂಬದಿಂದ ಒಳಗೆ 60 ಸೆಂಟಿಮೀಟರ್ ಪಟ್ಟಿಯೊಂದನ್ನು ಗುರಿಯಾಗಿ ಇಟ್ಟುಕೊಂಡರೆ, ಚೆಂಡಿನ ಜಾಗದಿಂದ ನೋಡಿದಾಗ ಅದು ಮೂರು ಡಿಗ್ರಿಯಷ್ಟೇ ಅಗಲ. ಶಾಲೆಯ ಕೋನಮಾಪಕದಲ್ಲಿ ಮೂರು ಗೆರೆ. ಎತ್ತರದ ವಿಷಯ ಇನ್ನೂ ಸೂಕ್ಷ್ಮ. ಇದೇ ವೇಗದಲ್ಲಿ ಗುರುತ್ವಾಕರ್ಷಣೆ ಚೆಂಡನ್ನು ದಾರಿಯಲ್ಲಿ ಸುಮಾರು ಒಂದು ಮೀಟರ್ ಕೆಳಗೆಳೆಯುತ್ತದೆ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಚೆಂಡು 17 ಡಿಗ್ರಿಗಿಂತ ಸ್ವಲ್ಪ ಹೆಚ್ಚಿನ ಕೋನದಲ್ಲಿ ಎದ್ದರೆ ಸಾಕು, ಅಡ್ಡಪಟ್ಟಿಯ ಮೇಲೆ ಹೋಗುತ್ತದೆ. ಚೆಂಡಿನ ತ್ರಿಜ್ಯ ಹನ್ನೊಂದು ಸೆಂಟಿಮೀಟರ್. ಪಾದ ನೆಲಕ್ಕೆ ಸಮನಾಗಿ ಬಂದು ಚೆಂಡಿನ ನಡುಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಕೆಳಗೆ ತಾಗಿದರೆ ಚೆಂಡು ಸುಮಾರು ಐದು ಡಿಗ್ರಿ ಏಳುತ್ತದೆ. ಮೂರು ಸೆಂಟಿಮೀಟರ್ ಕೆಳಗೆ ತಾಗಿದರೆ ಹದಿನಾರಕ್ಕೆ ಬಂತು. ಇದು ಸ್ಥೂಲ ಲೆಕ್ಕವೆಂದು ಭೌತಶಾಸ್ತ್ರದ ಅಧ್ಯಾಪಕರು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಆದರೂ ವಿಷಯ ಸ್ಪಷ್ಟ. ನೆಲಕ್ಕೆ ಅಂಟಿ ಹೋಗುವ ಒದೆತಕ್ಕೂ ಆಕಾಶ ನೋಡುವ ಒದೆತಕ್ಕೂ ನಡುವೆ ಇರುವುದು ಎರಡು ಬೆರಳಿನ ಅಗಲ.

ಈಗ ತಂತ್ರದ ಮಾತಿಗೆ ಬರೋಣ. ಒದೆಯುವವರನ್ನು ಆರಿಸುವುದರಲ್ಲಿ ತಪ್ಪಾಯಿತೆ? ಮನ್ನಾ ಹಿಂದಿನ ಸಾಲಿನ ರಕ್ಷಣಾ ಆಟಗಾರ. ಅವರ ಫ್ರೀ ಕಿಕ್‌ಗಳು ಹೆಸರುವಾಸಿ. ದೂರದಿಂದ ಬಲವಾಗಿ ಒದೆಯುವವನೇ ಪೆನಾಲ್ಟಿಯನ್ನೂ ಒದೆಯಲಿ ಎನ್ನುವುದು ಆ ಕಾಲದ ಸಹಜ ನಂಬಿಕೆ. ನನ್ನ ಅಭಿಪ್ರಾಯದಲ್ಲಿ ಈ ಎರಡೂ ಬೇರೆ ಬೇರೆ ವಿದ್ಯೆಗಳು. ಮೂವತ್ತು ಮೀಟರಿನಿಂದ ಒದೆಯುವಾಗ ಚೆಂಡನ್ನು ಎಬ್ಬಿಸಲೇಬೇಕು, ಎದುರಿಗೆ ಗೋಡೆ ಕಟ್ಟಿ ನಿಂತವರ ತಲೆ ದಾಟಿಸಬೇಕು. ಹನ್ನೊಂದು ಮೀಟರಿನಲ್ಲಿ ಅದೇ ಅಭ್ಯಾಸ ಶತ್ರುವಾಗಬಹುದು. ಇನ್ನೊಂದು ವಿಷಯ: ಸಮನಾದ ಪಂದ್ಯವನ್ನು ಪೆನಾಲ್ಟಿಗಳ ಸರಣಿಯಿಂದ ತೀರ್ಮಾನಿಸುವ ನಿಯಮ ಬಂದಿದ್ದೇ 1970ರಲ್ಲಿ. ಅದಕ್ಕೆ ಮೊದಲು ತಂಡದ ಎಲ್ಲರೂ ಇದನ್ನು ಅಭ್ಯಾಸ ಮಾಡಬೇಕಾದ ಅಗತ್ಯವೇ ಇರಲಿಲ್ಲ. ಹೋಲಿಸಿ ನೋಡಿ: 2023ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧದ ಸ್ಯಾಫ್ ಫೈನಲ್ 1-1ರಲ್ಲಿ ನಿಂತಾಗ ನಮ್ಮವರು ಒಬ್ಬರಾದ ಮೇಲೊಬ್ಬರು ಹೋಗಿ ಒದೆದು 5-4ರಲ್ಲಿ ಗೆದ್ದರು. ಕುವೈತಿನ ಕೊನೆಯ ಒದೆತವನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು. ಸಿದ್ಧತೆಯಿಂದ ಬರುವ ಧೈರ್ಯ ಅದು.

ಇಂದಿನ ಪಂದ್ಯಗಳಲ್ಲಿ ಸ್ಥೂಲವಾಗಿ ನಾಲ್ಕು ಪೆನಾಲ್ಟಿಗಳಲ್ಲಿ ಮೂರು ಗೋಲಾಗುತ್ತವೆ. ಆ ದರವನ್ನೇ ಹಿಡಿದರೆ ಎರಡೂ ತಪ್ಪುವ ಸಂಭವ ನಾಲ್ಕರಲ್ಲಿ ಒಂದರ ನಾಲ್ಕರಲ್ಲಿ ಒಂದು, ಅಂದರೆ ಹದಿನಾರಕ್ಕೆ ಒಂದು. ಅಪರೂಪ, ಆದರೆ ಅಸಂಭವವಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಎರಡೂ ಹೋಗಿದ್ದರೆ ಭಾರತ 3-2ರಲ್ಲಿ ಗೆಲ್ಲುತ್ತಿತ್ತು ಎಂದು ಕೂಡಿಸಿ ಹೇಳುವವರಿದ್ದಾರೆ. ಆಟ ಕೂಡುವ ಲೆಕ್ಕವಲ್ಲ. ಒಂದು ಗೋಲು ಬಿದ್ದ ಕ್ಷಣದಿಂದ ಎರಡೂ ತಂಡಗಳ ನಡೆ ಬದಲಾಗುತ್ತದೆ. ಮುಂದಿರುವ ತಂಡ ಹಿಂದೆ ಸರಿದು ಕಾಯುತ್ತದೆ, ಹಿಂದುಳಿದದ್ದು ಜನರನ್ನು ಮುಂದಕ್ಕೆ ಕಳಿಸುತ್ತದೆ. ಫ್ರಾನ್ಸ್ ಕಟ್ಟಕಡೆಯ ನಿಮಿಷದಲ್ಲಿ ಹೊಡೆದ ಗೋಲು ಆಗ ಹುಟ್ಟುತ್ತಲೇ ಇರಲಿಲ್ಲವೋ, ಅಥವಾ ಅದಕ್ಕೂ ಮೊದಲೇ ಹುಟ್ಟುತ್ತಿತ್ತೋ. ಹೇಳಬಹುದಾದದ್ದು ಇಷ್ಟು: ಅಂತಹ ಎರಡು ಅವಕಾಶಗಳಿಂದ ಸರಾಸರಿ ಒಂದೂವರೆ ಗೋಲು ನಿರೀಕ್ಷಿಸಬಹುದು. ಭಾರತ ಸೋತದ್ದು ಒಂದು ಗೋಲಿನಿಂದ.

ಫ್ರಾನ್ಸ್ ಮುಂದಿನ ಸುತ್ತಿನಲ್ಲಿ ಬ್ರಿಟನ್ನಿಗೆ 0-1ರಲ್ಲಿ ಸೋತು ಮನೆಗೆ ಮರಳಿತು. ಬರಿಗಾಲಿನ ವಿಷಯ ಇತ್ಯರ್ಥವಾದದ್ದು ನಾಲ್ಕು ವರ್ಷಗಳ ಮೇಲೆ, 1952ರ ಹೆಲ್ಸಿಂಕಿಯಲ್ಲಿ. ಯುಗೊಸ್ಲಾವಿಯ ನಮ್ಮನ್ನು 10-1ರಲ್ಲಿ ಸೋಲಿಸಿದ ಮೇಲೆ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ಆ ದಿನದ ನಮ್ಮ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. 1948ರ ತಂಡದಲ್ಲೂ ಅವರಿದ್ದರು. ಇನ್ನು ಶೈಲೇನ್ ಮನ್ನಾ? ಲಂಡನ್ನಿನ ಒಂದು ಒದೆತಕ್ಕಾಗಿ ಅವರನ್ನು ಯಾರೂ ಮೂಲೆಗೆ ತಳ್ಳಲಿಲ್ಲ ಎಂಬುದು ನನಗೆ ಸಮಾಧಾನದ ಸಂಗತಿ. 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ತಂಡದ ನಾಯಕತ್ವ ಅವರದೇ. ಫೈನಲ್ಲಿನಲ್ಲಿ ಇರಾನನ್ನು 1-0ಯಲ್ಲಿ ಸೋಲಿಸಿ ಭಾರತ ಚಿನ್ನದ ಪದಕ ಗೆದ್ದಿತು.