ಬಜೆಟ್ ಪುಸ್ತಕದಲ್ಲಿ ಕಾಣದ ಕಡಿತ

ಪ್ರತಿ ವರ್ಷ ಮಾರ್ಚ್ ಆಸುಪಾಸಿನಲ್ಲಿ ವಿಧಾನಸಭೆಯಲ್ಲಿ ಮಂಡನೆಯಾಗುವ ಕರ್ನಾಟಕ ರಾಜ್ಯದ ಬಜೆಟ್ ಹಿಂದಿನ ವರ್ಷಕ್ಕಿಂತ ದೊಡ್ಡದಾಗಿಯೇ ಇರುತ್ತದೆ. 2024-25ರಲ್ಲಿ ಅದರ ಗಾತ್ರ 3.71 ಲಕ್ಷ ಕೋಟಿ ರೂಪಾಯಿ, 2025-26ರಲ್ಲಿ 4.09 ಲಕ್ಷ ಕೋಟಿ. ಹೀಗಿರುವಾಗ ಕಡಿತದ ಮಾತು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಚಾಮರಾಜನಗರದಂಥ ಜಿಲ್ಲೆಯಲ್ಲಿ ಕುಳಿತು ನೋಡಿದರೆ ಉತ್ತರ ಸಿಗುತ್ತದೆ. ಬಜೆಟ್ ಪುಸ್ತಕದ ಮೊತ್ತ ಕರಗುವುದು ಅಪರೂಪ. ಹಣ ಬಿಡುಗಡೆಯಾಗುವ ತಾರೀಖು ಮುಂದಕ್ಕೆ ಹೋಗುತ್ತದೆ, ನಿವೃತ್ತರಾದವರ ಜಾಗಕ್ಕೆ ಯಾರೂ ಬರುವುದಿಲ್ಲ, ಒಬ್ಬರ ಕೆಲಸ ಸದ್ದಿಲ್ಲದೆ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ. ನಾನು ಇವತ್ತು ವಾದಿಸುವುದು ಇಷ್ಟು: ಹೀಗೆ ಉಳಿಸಿದ ಹಣ ನಿಜವಾಗಿ ಉಳಿದ ಹಣವಲ್ಲ. ಸರ್ಕಾರ ಕೊಡದ ರೂಪಾಯಿಯನ್ನು ಬೇರೆ ಯಾರೋ ಕೊಡುತ್ತಿರುತ್ತಾರೆ. ಈ ಜಿಲ್ಲೆಯಲ್ಲಿ ಅದನ್ನು ಕೊಡುತ್ತಿರುವವರು ಸರ್ಕಾರದ ಅತಿ ಕಡಿಮೆ ಸಂಬಳದ ನೌಕರರು ಮತ್ತು ಸರ್ಕಾರಿ ಸೇವೆಯನ್ನು ಬಿಟ್ಟರೆ ಬೇರೆ ದಾರಿಯಿಲ್ಲದ ನಿವಾಸಿಗಳು.

2025ರ ಅಕ್ಟೋಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಂಗನೂರು ಗ್ರಾಮ ಪಂಚಾಯಿತಿಯ ನೀರುಗಂಟಿಯೊಬ್ಬರು ಪಂಚಾಯಿತಿ ಕಚೇರಿಯ ಎದುರೇ ಪ್ರಾಣ ಕಳೆದುಕೊಂಡರು. ಅವರಿಗೆ 27 ತಿಂಗಳ ಸಂಬಳ ಬರಬೇಕಿತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಮಾನತಾದರು, ಪೊಲೀಸರು ಪ್ರಕರಣ ದಾಖಲಿಸಿದರು. ಯಾರ ತಪ್ಪು ಎಷ್ಟು ಎಂಬುದನ್ನು ನ್ಯಾಯಾಲಯ ನಿರ್ಧರಿಸುತ್ತದೆ, ಆ ವಿಚಾರಣೆಯನ್ನು ಇಲ್ಲಿ ನಡೆಸುವುದು ಸರಿಯಲ್ಲ. ಆದರೆ 27 ತಿಂಗಳು ಎಂಬ ಸಂಖ್ಯೆಯ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಒಬ್ಬ ಅಧಿಕಾರಿಯ ಕೋಪದಿಂದಲೋ ಅಸಡ್ಡೆಯಿಂದಲೋ ಒಂದೆರಡು ತಿಂಗಳ ಸಂಬಳ ನಿಲ್ಲಬಹುದು. ಎರಡು ವರ್ಷಕ್ಕೂ ಮೀರಿ ನಿಂತರೆ, ಅದನ್ನು ಕಂಡು ಎಚ್ಚರಿಸಬೇಕಾದ ಒಂದೊಂದು ಹಂತವೂ ಸುಮ್ಮನಿತ್ತು ಎಂದೇ ಅರ್ಥ.

ಗ್ರಾಮ ಪಂಚಾಯಿತಿಯ ಹಣ ಹೇಗೆ ಹರಿಯುತ್ತದೆ ಎಂಬುದನ್ನು ತಿಳಿದರೆ ಈ ಮೌನದ ಕಾರಣವೂ ತಿಳಿಯುತ್ತದೆ. ಪಂಚಾಯಿತಿಗೆ ಮನೆ ಕಂದಾಯ, ನೀರಿನ ಕರದ ಸ್ವಂತ ವರಮಾನವಿದೆ, ರಾಜ್ಯದ ಶಾಸನಬದ್ಧ ಅನುದಾನವಿದೆ, ಹಣಕಾಸು ಆಯೋಗದ ಅನುದಾನವಿದೆ. ಕಾರ್ಖಾನೆಯಿಲ್ಲದ, ಮಳೆ ನಂಬಿದ ಊರುಗಳಲ್ಲಿ ಕಂದಾಯ ವಸೂಲಿ ತೆಳುವಾಗಿರುತ್ತದೆ, ಹಾಗಾಗಿ ಮೇಲಿನಿಂದ ಬರುವ ಅನುದಾನವೇ ಆಧಾರ. ಆ ಅನುದಾನ ತಡವಾದಾಗ ಅಥವಾ ಸಾಲದಾದಾಗ ಕೈಯಲ್ಲಿರುವ ಹಣವನ್ನು ಮೊದಲು ಯಾರಿಗೆ ಕೊಡುತ್ತಾರೆ? ಕೊಳವೆಬಾವಿಯ ವಿದ್ಯುತ್ ಬಿಲ್ ಕಟ್ಟದಿದ್ದರೆ ವಿದ್ಯುತ್ ನಿಗಮ ಸಂಪರ್ಕ ಕಡಿದುಹಾಕಬಲ್ಲದು. ಸಾಮಗ್ರಿ ಕೊಟ್ಟ ಅಂಗಡಿಯವರು ಮುಂದಿನ ಸಲ ಪೈಪು ಕೊಡದಿರಬಲ್ಲರು. ನೀರುಗಂಟಿ ಹಾಗೆ ಮಾಡಲಾರರು. ಅವರು ವಾಲ್ವ್ ತಿರುಗಿಸದಿದ್ದರೆ ಅವರದೇ ಕೇರಿಗೆ, ಅವರದೇ ನೆಂಟರಿಷ್ಟರ ಮನೆಗೆ ನೀರಿಲ್ಲ. ಬೈಗುಳ ಕೇಳಬೇಕಾದವರೂ ಅವರೇ. ಹೀಗಾಗಿ ನಿಲ್ಲಿಸುವ ಶಕ್ತಿ ಇದ್ದವರಿಗೆ ಮೊದಲು ಹಣ, ನಿಲ್ಲಿಸಲಾರದವರಿಗೆ ಕೊನೆಗೆ. ಈ ಕ್ರಮವನ್ನು ಯಾವ ಸುತ್ತೋಲೆಯೂ ಹೇಳುವುದಿಲ್ಲ, ಆದರೆ ಹಣ ಸಾಲದ ಕಡೆಯಲ್ಲೆಲ್ಲ ನಡೆಯುವುದು ಇದೇ. ಒಬ್ಬ ನೌಕರನ ಸಂಬಳವನ್ನು 27 ತಿಂಗಳು ತಡೆಹಿಡಿದು ಆತನಿಂದ ಕೆಲಸ ಮಾಡಿಸಿಕೊಂಡರೆ, ಸರ್ಕಾರವು ಆತನಿಂದ ಬಡ್ಡಿಯಿಲ್ಲದ ಸಾಲ ಎತ್ತಿದೆ ಎಂದೇ ಲೆಕ್ಕ. ಮನೆ ನಡೆಸಲು ಆತ ಊರಿನಲ್ಲಿ ಎತ್ತುವ ಕೈಸಾಲಕ್ಕೆ ಮಾತ್ರ ಬಡ್ಡಿ ತಪ್ಪುವುದಿಲ್ಲ.

ಈ ಘಟನೆ ನಡೆದದ್ದು ಎಂಥ ನೆಲದಲ್ಲಿ ಎಂಬುದನ್ನು ನೆನೆದರೆ ನೋವು ಹೆಚ್ಚುತ್ತದೆ. ಕರ್ನಾಟಕದ ಹಳ್ಳಿಗಳಿಗೆ ಕೊಳವೆಬಾವಿಯ ನೀರು ಕೊಟ್ಟು ‘ನೀರ್ ಸಾಬ್’ ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಇದೇ ಜಿಲ್ಲೆಯ ಗುಂಡ್ಲುಪೇಟೆಯವರು. ರಾಮಕೃಷ್ಣ ಹೆಗಡೆ ಅವರ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿ ಖಾತೆ ಹೊತ್ತು, 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರವನ್ನೂ ಹಣವನ್ನೂ ಇಳಿಸಲು ದುಡಿದವರು ಅವರು. ಜಿಲ್ಲೆಯ ಹಣದ ಬಗ್ಗೆ ಜಿಲ್ಲೆಯಲ್ಲೇ ಚುನಾಯಿತರು ಕುಳಿತು ಜಗಳವಾಡಬೇಕು ಎಂಬುದು ಆ ವ್ಯವಸ್ಥೆಯ ಜೀವಾಳ. ಆದರೆ ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು, ಅವರನ್ನು ಆರಿಸಿದ ಚುನಾವಣೆ ನಡೆದದ್ದು 2016ರಲ್ಲಿ. ಹೊಂಗನೂರಿನ ಆ 27 ತಿಂಗಳುಗಳ ಉದ್ದಕ್ಕೂ ‘ಯಾವ ಪಂಚಾಯಿತಿಯಲ್ಲಿ ಎಷ್ಟು ಸಂಬಳ ಬಾಕಿ ಇದೆ’ ಎಂದು ಸಭೆಯಲ್ಲಿ ಎದ್ದು ಕೇಳಬಲ್ಲ ಜಿಲ್ಲಾ ಪಂಚಾಯಿತಿ ಸದಸ್ಯರೇ ಇರಲಿಲ್ಲ. ಚುನಾವಣೆಯನ್ನು ಮುಂದೂಡುವುದನ್ನು ನಾವು ರಾಜಕೀಯದ ವಿಷಯ ಎಂದು ಬದಿಗಿಡುತ್ತೇವೆ. ನನ್ನ ಮಟ್ಟಿಗೆ ಅದು ಹಣಕಾಸಿನ ವಿಷಯ. ಕೇಳುವವರಿಲ್ಲದ ಕಡೆಯಿಂದಲೇ ಕಡಿತ ಶುರುವಾಗುತ್ತದೆ.

ಅಂಗನವಾಡಿಯಲ್ಲಿ ಇದೇ ಕ್ರಮ ಇನ್ನೊಂದು ರೂಪದಲ್ಲಿದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ನಮ್ಮ ನೆರೆಯ ತಿ. ನರಸೀಪುರ. 2015-16ರ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ ಇಟ್ಟ ಹಣ ಹಿಂದಿನ ವರ್ಷದ ಅಂದಾಜಿನ ಅರ್ಧಕ್ಕಿಂತ ಕೆಳಗೆ ಇಳಿಯಿತು. 14ನೇ ಹಣಕಾಸು ಆಯೋಗ ರಾಜ್ಯಗಳ ತೆರಿಗೆ ಪಾಲನ್ನು ಶೇ 32ರಿಂದ 42ಕ್ಕೆ ಏರಿಸಿದೆ, ಕೊರತೆಯನ್ನು ರಾಜ್ಯಗಳೇ ತುಂಬಲಿ ಎಂಬುದು ಆಗಿನ ಸಮರ್ಥನೆ. ಕಾಗದದ ಮೇಲೆ ಅದು ಒಪ್ಪುವ ಮಾತು. ಆದರೆ ಕಾರ್ಯಕರ್ತೆಗೆ ಕೇಂದ್ರದ ಲೆಕ್ಕದಲ್ಲಿ ಸಿಗುವ ಗೌರವಧನ 2018ರ ಅಕ್ಟೋಬರ್‌ನಲ್ಲಿ 4,500 ರೂಪಾಯಿಗೆ, ಸಹಾಯಕಿಯದು 2,250ಕ್ಕೆ ಏರಿದ್ದು ಅಲ್ಲೇ ನಿಂತಿತು. ಆಮೇಲಿನ ಏರಿಕೆಯ ಭಾರ ರಾಜ್ಯದ ಮೇಲೆ ಬಿತ್ತು. 2025-26ರಲ್ಲಿ ರಾಜ್ಯವು ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಿತು, ಅದನ್ನು ಮೆಚ್ಚೋಣ. ಆದರೂ ಮೊಟ್ಟೆಯ ಬಿಲ್ಲು, ಗ್ಯಾಸ್ ಸಿಲಿಂಡರ್, ಬಾಡಿಗೆ ಕಟ್ಟಡದ ಹಣ ತಡವಾದಾಗ ಮೊದಲು ತನ್ನ ಕೈಯಿಂದ ಹಾಕಿ ಆಮೇಲೆ ಕಾಯುವವಳು ಆ ಕಾರ್ಯಕರ್ತೆಯೇ. ಆಕೆಯೂ ನಿಲ್ಲಿಸಲಾರಳು, ಮಕ್ಕಳು ಬೆಳಿಗ್ಗೆ ಬಂದು ಕುಳಿತಿರುತ್ತಾರೆ. 2022ರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ನೌಕರರಿಗೆ ಗ್ರಾಚ್ಯುಟಿ ಹಕ್ಕಿದೆ ಎಂದು ಹೇಳಬೇಕಾಯಿತು. ನಲವತ್ತಾರು ವರ್ಷ ದುಡಿಸಿಕೊಂಡ ಮೇಲೆ ಇಷ್ಟನ್ನು ನ್ಯಾಯಾಲಯದಿಂದ ಹೇಳಿಸಿಕೊಳ್ಳಬೇಕಾದದ್ದು ಸಣ್ಣ ಸಂಗತಿಯಲ್ಲ.

ಈಗ ಖಾಲಿ ಹುದ್ದೆಗಳಿಗೆ ಬರೋಣ. ರಾಜ್ಯದಲ್ಲಿ ಮಂಜೂರಾದ ಏಳೂಮುಕ್ಕಾಲು ಲಕ್ಷದಷ್ಟು ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ. ಇದು ಒಂದು ಸರ್ಕಾರದ ಕೆಲಸವಲ್ಲ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ದೇಶದ ಮೊದಲ ರಾಜ್ಯ ಕರ್ನಾಟಕ. ವಿತ್ತೀಯ ಕೊರತೆ ರಾಜ್ಯದ ಉತ್ಪನ್ನದ ಶೇ 3 ದಾಟಬಾರದು, ರಾಜಸ್ವ ಕೊರತೆ ಇರಕೂಡದು ಎಂಬುದು ಅದರ ತಿರುಳು. ಸಾಲಕ್ಕೆ ಕಡಿವಾಣ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ಲೆಕ್ಕಾಚಾರದಲ್ಲಿ ಆಸ್ಪತ್ರೆಯ ಕಟ್ಟಡ ಬಂಡವಾಳ ವೆಚ್ಚ, ಅದರೊಳಗಿನ ದಾದಿಯ ಸಂಬಳ ರಾಜಸ್ವ ವೆಚ್ಚ. ಕಟ್ಟಡಕ್ಕೆ ಸಾಲ ಮಾಡಬಹುದು, ದಾದಿಗೆ ಮಾಡಬಾರದು. ರಾಜಸ್ವ ಕೊರತೆ 2024-25ರಲ್ಲಿ 27,354 ಕೋಟಿ, 2025-26ರಲ್ಲಿ 19,262 ಕೋಟಿ ಎಂದು ಅಂದಾಜಾದಾಗ ಒತ್ತಡ ಬೀಳುವುದು ದಾದಿಯ ಹುದ್ದೆಯ ಮೇಲೆಯೇ. ಉದ್ಘಾಟನೆಯ ಕಲ್ಲು ಇರುವ, ಸಿಬ್ಬಂದಿ ಇರದ ಕಟ್ಟಡಗಳು ಹುಟ್ಟುವುದು ಹೀಗೆ.

ಆಸ್ಪತ್ರೆಯ ಮಾತು ಬಂದಾಗ ಈ ಜಿಲ್ಲೆಯವರು 2021ರ ಮೇ 2ರ ರಾತ್ರಿಯನ್ನು ನೆನೆಯದೆ ಇರಲಾರರು. ಆಮ್ಲಜನಕದ ಕೊರತೆಯ ನಡುವೆ, ಸರ್ಕಾರದ ಲೆಕ್ಕದಲ್ಲಿಯೇ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಹೈಕೋರ್ಟ್, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ನೇತೃತ್ವದ ಸಮಿತಿಯಿಂದ ಇದರ ವಿಚಾರಣೆ ಮಾಡಿಸಿತು. ಆ ಸಾವುಗಳನ್ನು ಬಜೆಟ್ ಕಡಿತದ ನೇರ ಫಲ ಎಂದರೆ ಸತ್ಯಕ್ಕೆ ಅಪಚಾರವಾಗುತ್ತದೆ, ಅದು ಸಾಂಕ್ರಾಮಿಕದ ಉಬ್ಬರದ ಕಾಲ. ಆದರೆ ಆಮ್ಲಜನಕದ ಸಿಲಿಂಡರ್‌ಗಳಿಗೆ ಜಿಲ್ಲೆ ಮೈಸೂರನ್ನು ನೆಚ್ಚಿಕೊಂಡಿತ್ತು ಎಂಬುದು ನಿಜ. ಮಾಮೂಲಿ ದಿನಗಳಲ್ಲಿ ‘ಹೆಚ್ಚುವರಿ’ ಎಂದು ಕಾಣುವ ಸಿಬ್ಬಂದಿ, ದಾಸ್ತಾನು, ಸಲಕರಣೆ ಅಂಥ ರಾತ್ರಿ ಜೀವದ ಅಳತೆಯಾಗುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ವೈದ್ಯಕೀಯ ಕಾಲೇಜಿನ 450 ಹಾಸಿಗೆಗಳ ಹೊಸ ಆಸ್ಪತ್ರೆಯನ್ನು ರಾಷ್ಟ್ರಪತಿಗಳು ಉದ್ಘಾಟಿಸಿದರು. ಹಾಸಿಗೆಗಳು ಬಂದವು ಎಂಬುದು ದೊಡ್ಡ ಸಮಾಧಾನ. ಆದರೆ ಹಾಸಿಗೆಯ ಪಕ್ಕದಲ್ಲಿ ತಜ್ಞರೂ ಇರಬೇಕು. ಬೆಂಗಳೂರಿನಲ್ಲಿ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ತಜ್ಞರಿಲ್ಲದಿದ್ದರೆ ಇನ್ನೊಂದಿದೆ. ನಮ್ಮ ಜಿಲ್ಲೆಯ ತೆರಕಣಾಂಬಿಯ ಕೂಲಿ ಹೆಂಗಸಿಗೆ ಇರುವುದು ಮೈಸೂರಿನ ಬಸ್ಸು. ಶಕ್ತಿ ಯೋಜನೆಯಲ್ಲಿ ಆ ಬಸ್ಸು ಉಚಿತ, ಆದರೆ ಆ ದಿನದ ಕೂಲಿ ಹೋಯಿತು. ಉದ್ಯೋಗ ಖಾತ್ರಿಯ 2025-26ರ ದರದಲ್ಲಿ ಲೆಕ್ಕ ಹಾಕಿದರೂ ಅದು 370 ರೂಪಾಯಿ, ಜೊತೆಗೆ ಬರುವವರದು ಇನ್ನೊಂದು 370. ತಜ್ಞರ ಹುದ್ದೆ ಖಾಲಿ ಬಿಟ್ಟು ಖಜಾನೆ ಉಳಿಸಿದ ಹಣವನ್ನು ಇಂಥ ನೂರಾರು ಮನೆಗಳು ಹೀಗೆ ಚಿಲ್ಲರೆಯಾಗಿ ಕಟ್ಟುತ್ತವೆ, ಅದು ಯಾವ ಲೆಕ್ಕಪತ್ರದಲ್ಲೂ ನಮೂದಾಗುವುದಿಲ್ಲ.

ಉನ್ನತ ಶಿಕ್ಷಣದಲ್ಲೂ ಇದೇ ಆಯಿತು. 2023ರಲ್ಲಿ ಚಾಮರಾಜನಗರಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂತು. ಎರಡೇ ವರ್ಷದಲ್ಲಿ, 2025ರ ಫೆಬ್ರುವರಿಯಲ್ಲಿ, ಹಣವಿಲ್ಲ ಎಂಬ ಕಾರಣಕ್ಕೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವುದು ಲೇಸೆಂದು ಸಚಿವ ಸಂಪುಟದ ಉಪಸಮಿತಿ ಅಭಿಪ್ರಾಯಪಟ್ಟಿತು. ಪಟ್ಟಿಯಲ್ಲಿ ನಮ್ಮದೂ ಇತ್ತು. ಹಣವಿಲ್ಲದೆ ಘೋಷಿಸಿದ್ದು ಒಂದು ಸರ್ಕಾರದ ತಪ್ಪು, ಹಣ ಕೊಡುವ ಬದಲು ಮುಚ್ಚಲು ಹೊರಟದ್ದು ಇನ್ನೊಂದರ ತಪ್ಪು. ಎರಡರ ನಡುವೆ ಸಿಕ್ಕಿಬಿದ್ದವರು ವಿದ್ಯಾರ್ಥಿಗಳು ಮತ್ತು ಅತಿಥಿ ಉಪನ್ಯಾಸಕರು. 2011ರ ಜನಗಣತಿಯಂತೆ ಸಾಕ್ಷರತೆ ಶೇ 61ರ ಆಸುಪಾಸಿನಲ್ಲಿದ್ದ ಜಿಲ್ಲೆ ಇದು.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ರಾಜ್ಯದ ಬಳಿ ನಿಜವಾಗಿಯೂ ಹಣ ಕಡಿಮೆಯಾಗಿದೆ ಎಂಬುದು. ಹೌದು. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಕಾಲದ ಶೇ 4.713ರಿಂದ 15ನೇ ಆಯೋಗದ ಕಾಲಕ್ಕೆ ಶೇ 3.647ಕ್ಕೆ ಇಳಿಯಿತು. ಇದರ ವಿರುದ್ಧ ರಾಜ್ಯ ದನಿಯೆತ್ತಿದ್ದು ಸರಿ. ಆದರೆ ದೆಹಲಿಯಲ್ಲಿ ‘ನಮ್ಮ ಪಾಲು ನಮಗೆ ಕೊಡಿ’ ಎನ್ನುವ ಸರ್ಕಾರ ಹೊಂಗನೂರಿಗೂ ಅದೇ ನ್ಯಾಯವನ್ನು ಅನ್ವಯಿಸಬೇಕು. ಕೊರತೆ ಇದ್ದಾಗ ಅದನ್ನು ಯಾರು ಹೊರಬೇಕು ಎಂಬುದು ಆಯ್ಕೆಯ ಪ್ರಶ್ನೆ. ಸರ್ಕಾರದ ಸಾಲಪತ್ರಗಳ ಬಡ್ಡಿ ಒಂದು ದಿನವೂ ತಡವಾಗದಿರುವಾಗ ಸಂಬಳ ವರ್ಷಗಟ್ಟಲೆ ತಡವಾದರೆ, ಆಯ್ಕೆ ಆಗಲೇ ಆಗಿಹೋಗಿದೆ.

ಎರಡನೆಯದು, ಗ್ಯಾರಂಟಿ ಯೋಜನೆಗಳೇ ಇದಕ್ಕೆಲ್ಲ ಕಾರಣ ಎಂಬ ಮಾತು. ಅವುಗಳಿಗೆ ವರ್ಷಕ್ಕೆ ಐವತ್ತು ಸಾವಿರ ಕೋಟಿಗೂ ಮೇಲೆ ಬೇಕು. ಆದರೆ ಖಾಲಿ ಹುದ್ದೆಗಳ ರಾಶಿ ಬೆಳೆದದ್ದು ಅವು ಶುರುವಾದ 2023ಕ್ಕಿಂತ ಎಷ್ಟೋ ಮೊದಲು. ಗೃಹಲಕ್ಷ್ಮಿಯ 2,000 ರೂಪಾಯಿ ಈ ಜಿಲ್ಲೆಯ ಬಡ ಹೆಣ್ಣುಮಕ್ಕಳ ಕೈಗೆ ತಲುಪುವುದನ್ನು ನಾನು ದಂಡ ಎನ್ನಲಾರೆ. ನನ್ನ ತಕರಾರು ಬೇರೆ. 2013ರ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡಗಳ ಅಭಿವೃದ್ಧಿಗೆಂದು ಪ್ರತ್ಯೇಕ ಹಣ ಮೀಸಲಿಟ್ಟಿದೆ. 2024-25ರಲ್ಲಿ ಆ ಹಣದಿಂದ ಸುಮಾರು 14 ಸಾವಿರ ಕೋಟಿಯನ್ನು ಗ್ಯಾರಂಟಿಗಳ ಲೆಕ್ಕಕ್ಕೆ ಸೇರಿಸಲಾಯಿತು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರಲ್ಲ ಎಂಬುದು ಸರ್ಕಾರದ ಉತ್ತರ. ಎಲ್ಲರಿಗೂ ಸಿಗುವುದನ್ನು ಅವರ ಪಾಲಿನ ಹಣದಿಂದ ಕೊಟ್ಟರೆ ಅವರಿಗೆಂದೇ ಆಗಬೇಕಾದದ್ದು ಎಲ್ಲಿ ಹೋಯಿತು? ಸುಮಾರು ಶೇ 25 ಪರಿಶಿಷ್ಟ ಜಾತಿ, ಶೇ 12ರಷ್ಟು ಪರಿಶಿಷ್ಟ ಪಂಗಡದ ಜನರಿರುವ ಜಿಲ್ಲೆಯಲ್ಲಿ, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಪೋಡುಗಳ ಪಾಲಿಗೆ, ಇದು ತಪ್ಪಿಹೋದ ರಸ್ತೆಯ, ತಪ್ಪಿಹೋದ ವಿದ್ಯಾರ್ಥಿನಿಲಯದ ಪ್ರಶ್ನೆ.

ಮೂರನೆಯದು, ಬಜೆಟ್ಟಿನ ಬಹುಪಾಲು ಸಂಬಳಕ್ಕೇ ಹೋಗುತ್ತದೆ, ಇನ್ನೂ ಜನರನ್ನು ತೆಗೆದುಕೊಂಡು ಏನು ಮಾಡುವುದು ಎಂಬುದು. 2024ರ ಆಗಸ್ಟ್‌ನಲ್ಲಿ ಜಾರಿಯಾದ 7ನೇ ವೇತನ ಆಯೋಗದ ಶಿಫಾರಸಿನಿಂದ ವರ್ಷಕ್ಕೆ ಸುಮಾರು 20 ಸಾವಿರ ಕೋಟಿ ಹೊರೆ ಬಿದ್ದದ್ದು ನಿಜ. ಆದರೆ ಆ ಶಿಫಾರಸು ನೀರುಗಂಟಿಗೂ ಅಂಗನವಾಡಿ ಸಹಾಯಕಿಗೂ ಆಶಾ ಕಾರ್ಯಕರ್ತೆಗೂ ಅತಿಥಿ ಉಪನ್ಯಾಸಕನಿಗೂ ಅಲ್ಲ. ಸಂಬಳದ ಭಾರ ಎಂದು ನಾವು ಕರೆಯುವುದರ ಹೊರಗೆ ಇವರೆಲ್ಲ ಇದ್ದಾರೆ. ಹಾಗೆಂದು ಕಾಯಂ ನೌಕರರನ್ನು ದೂರುವುದೂ ಅನ್ಯಾಯ. ಮೂರರಲ್ಲಿ ಒಂದು ಕುರ್ಚಿ ಖಾಲಿ ಇದ್ದಾಗ ಉಳಿದವರು ಪ್ರಭಾರದ ಮೇಲೆ ಪ್ರಭಾರ ಹೊರುತ್ತಾರೆ. ಎರಡೆರಡು ಪಂಚಾಯಿತಿ ನೋಡಿಕೊಳ್ಳುವ ಅಧಿಕಾರಿಯನ್ನು ‘ಸಿಗುವುದೇ ಇಲ್ಲ’ ಎಂದು ಬೈಯುವ ನಾವು, ಆ ಇನ್ನೊಂದು ಹುದ್ದೆಯನ್ನು ಖಾಲಿ ಬಿಟ್ಟವರನ್ನು ಕೇಳುವುದಿಲ್ಲ. ಊರಿನ ಸ್ವಚ್ಛತೆಯೂ ಹೀಗೆಯೇ. 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬುದು ಸರ್ಕಾರದ್ದೇ ಮಾನದಂಡ. 2011ರ ಜನಗಣತಿಯ ಲೆಕ್ಕದಲ್ಲೇ ಚಾಮರಾಜನಗರಕ್ಕೆ ನೂರು, ಗುಂಡ್ಲುಪೇಟೆಗೆ ನಲವತ್ತು ಜನ ಬೇಕಾಗುತ್ತಾರೆ, ಆಮೇಲೆ ಬೆಳೆದ ಬಡಾವಣೆಗಳು ಈ ಲೆಕ್ಕದ ಹೊರಗೇ ಉಳಿಯುತ್ತವೆ.

ಹಣ ಇದ್ದಷ್ಟೇ ಇರಲಿ, ಕೊಡುವ ಕ್ರಮವನ್ನಾದರೂ ಬದಲಿಸಬಹುದು, ಅದಕ್ಕೆ ಮಾದರಿ ನಮ್ಮ ಕಾನೂನುಗಳಲ್ಲೇ ಇದೆ. 2011ರ ಸಕಾಲ ಕಾಯ್ದೆಯಂತೆ ಪ್ರಮಾಣಪತ್ರ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಸಿಗಬೇಕು. ಉದ್ಯೋಗ ಖಾತ್ರಿ ಕಾಯ್ದೆ 15 ದಿನದೊಳಗೆ ಕೂಲಿ ಪಾವತಿಯಾಗದಿದ್ದರೆ ಪರಿಹಾರ ಕೊಡಬೇಕೆಂದು ಹೇಳಿತು. ನಾಗರಿಕರಿಗೆ ಕೊಟ್ಟ ಈ ಮಾತನ್ನು ಸರ್ಕಾರ ತನ್ನ ಪಂಚಾಯಿತಿ ನೌಕರರಿಗೂ, ಗೌರವಧನದ ಮೇಲೆ ದುಡಿಯುವವರಿಗೂ ಕೊಡಲಿ. ಶಾಸನಬದ್ಧ ಅನುದಾನ ಬಂದ ಕೂಡಲೇ ಸಂಬಳದ ಪಾಲು ಬೇರೆ ಖಾತೆಗೆ ಹೋಗಲಿ, ವಿದ್ಯುತ್ ಬಿಲ್ಲಿಗಿಂತ ಮೊದಲು. ಖಜಾನೆ-2 ತಂತ್ರಾಂಶದಲ್ಲಿ ಒಂದೊಂದು ಬಿಲ್ಲಿನ ಜಾಡೂ ಸಿಗುವ ಕಾಲದಲ್ಲಿ, ಯಾವ ಪಂಚಾಯಿತಿಯಲ್ಲಿ ಎಷ್ಟು ತಿಂಗಳ ಸಂಬಳ ಬಾಕಿ ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಪಂಚಾಯಿತಿ ಫಲಕದ ಮೇಲೆ ಬರೆಯುವುದು ಕಷ್ಟವಲ್ಲ. ಅದು ಗ್ರಾಮಸಭೆಯ ಮೊದಲ ವಿಷಯವಾಗಲಿ, ಮೂರು ತಿಂಗಳು ದಾಟಿದ ಬಾಕಿ ತಾನಾಗಿ ಜಿಲ್ಲಾ ಪಂಚಾಯಿತಿಯ ಮುಂದೆ ಬರಲಿ. ಆ ಜಿಲ್ಲಾ ಪಂಚಾಯಿತಿಯಲ್ಲಿ ಅದನ್ನು ಓದಿ ಪ್ರಶ್ನೆ ಕೇಳಲು ಚುನಾಯಿತ ಸದಸ್ಯರು ಇರಬೇಕಾದರೆ ಚುನಾವಣೆ ನಡೆಯಬೇಕು. ನಮ್ಮ ಶಾಸಕರನ್ನು, ಸಂಸದರನ್ನು ಭೇಟಿಯಾದಾಗ ರಸ್ತೆ, ದೀಪದ ಜೊತೆಗೆ ಇದನ್ನೂ ಕೇಳಬೇಕೆಂದು ಈ ಸಭೆಯಲ್ಲಿರುವ ಎಲ್ಲರನ್ನೂ ಪ್ರಾರ್ಥಿಸುತ್ತೇನೆ.