ಹಂಪಿಯಿಂದಲೇ ಬಸ್ಸು ವಾಪಸ್ ಯಾಕೆ?

ದುಡ್ಡಿರೋರು ರೋಮ್, ವೆನಿಸ್, ಸ್ಪೇನ್ ಅಂತ ಪ್ಯಾಕೇಜ್ ಟೂರ್ ಹೋಗ್ತಾರೆ. ಹೋಗಲಿ ಬಿಡಿ, ತಪ್ಪೇನಿಲ್ಲ. ಆ ಸ್ಪೇನಿನಲ್ಲಿ ದೊನ್ಯಾನಾ ಅಂತ ಒಂದು ಜೌಗು ಪ್ರದೇಶವಿದೆ. ಹಕ್ಕಿ ನೋಡೋರು ಹುಡುಕಿಕೊಂಡು ಹೋಗೋ ಜಾಗ, 1982ರಿಂದ ರಾಮ್ಸರ್ ಪಟ್ಟಿಯಲ್ಲಿದೆ. ಅದೇ ಪಟ್ಟಿಗೆ 2024ರಲ್ಲಿ ನಮ್ಮ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಯೂ ಸೇರಿತು. ಎಷ್ಟು ಜನಕ್ಕೆ ಗೊತ್ತು ಹೇಳಿ? ನೂರು ಹೆಕ್ಟೇರೂ ಇಲ್ಲದ ಕೆರೆ. ನೀರಲ್ಲಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡ್ತವೆ.

ಹಂಪಿ ನೋಡಿದ ಬಸ್ಸು ಮಾತ್ರ ಹೊಸಪೇಟೆಯಿಂದಲೇ ವಾಪಸ್. ಹರಪನಹಳ್ಳಿ ತಾಲೂಕಿನ ಬಾಗಳಿ ಕಲ್ಲೇಶ್ವರ ಗುಡಿ ವಿಜಯನಗರ ಸಾಮ್ರಾಜ್ಯಕ್ಕಿಂತ ಮುನ್ನೂರು ವರ್ಷ ಹಳೇದು, ಅದನ್ನು ಕೇಳೋರಿಲ್ಲ. ಕೂಡ್ಲಿಗಿಯ ಗುಡೇಕೋಟೆ ಕರಡಿಧಾಮಕ್ಕೂ ಅದೇ ಗತಿ. ಕೊಟ್ಟೂರಿಗೆ ತೇರಿನ ದಿನ ಬಂದ ಜನ ರಾತ್ರಿಯೇ ಊರು ಸೇರ್ತಾರೆ.

ಇನ್ನೊಂದು ಮಾತು. ಸ್ಟ್ರಾಬೆರಿ ತೋಟಗಳಿಗೆ, ಪ್ರವಾಸಿಗರ ಊರಿಗೆ ಅಂತರ್ಜಲ ಎಳೆದೂ ಎಳೆದೂ, ಮಳೆಯೂ ಕೈಕೊಟ್ಟು, ದೊನ್ಯಾನಾದ ದೊಡ್ಡ ಕೊಳ 2022ರಲ್ಲೂ 2023ರಲ್ಲೂ ಬೇಸಿಗೆಗೆ ಬತ್ತಿಹೋಯ್ತು. ಪಟ್ಟಿಯಲ್ಲಿ ಹೆಸರು ಹಾಗೇ ಇತ್ತು!

ಅಧಿಕಾರಿಗಳೇ, ಹಂಪಿಗೆ ಬಂದವರಿಗೆ ಅಂಕಸಮುದ್ರದ ದಾರಿ ತೋರಿಸೋದು ಯಾವಾಗ? ಅದಕ್ಕೂ ಮೊದಲು ಹೇಳಿ, ಮಳೆ ಕೈಕೊಟ್ಟ ವರ್ಷ ಆ ಕೆರೆಗೆ ನೀರು ಎಲ್ಲಿಂದ?